ಅರಿಶಿನದ ರಾಶಿಯಲ್ಲಿ ನಾಯಿಯ ಕಿವಿಮೂಳೆ

ಅರಿಶಿನ ಒಣಗಿಸುವುದರಲ್ಲಿ ಇಡೀ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ನನಗೆ ನಾನೇ ಕೊಟ್ಟುಕೊಂಡ ಬಿರುದು. ಓದಿದ್ದು ಏಳನೇ ಕ್ಲಾಸಿನವರೆಗೆ. ಆದರೆ ತೇವ ಇರುವ ಮಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ ಎಂಬುದನ್ನು ನನಗೆ ಯಾವ ಕಾಲೇಜೂ ಹೇಳಿಕೊಡಬೇಕಾಗಿಲ್ಲ. ನನ್ನ ತಂಗಿಯ ಬದುಕನ್ನು ಮುಳುಗಿಸಲು ಹೊರಟದ್ದು ಇದೇ ಜ್ಞಾನ!

ತಂಗಿ ಮಂಗಳ ನಮ್ಮ ಮನೆಯ ಓದಿದ ತಲೆ. ಹಳೆಯ ಮೂಳೆಗಳಿಂದ ಡಿಎನ್‌ಎ ತೆಗೆದು, ತೋಳ ಯಾವಾಗ ನಾಯಿಯಾಯಿತು, ಆ ನಾಯಿ ಯಾರ ಹಿಂದೆ ನಡೆದು ನಮ್ಮ ಸೀಮೆಗೆ ಬಂತು ಎಂದು ಹುಡುಕುವುದು ಅವಳ ಕೆಲಸ. ನಾಯಿ ಎಲ್ಲಿಂದ ಬಂತೆಂದು ನನಗೂ ಗೊತ್ತಿತ್ತು, ಪಕ್ಕದ ಬೀದಿಯಿಂದ. ಹಾಗೆಂದಾಗ ಅವಳು ನಗಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮಂಗಳ ಜೀಪಿನಿಂದಿಳಿದು ನನ್ನ ಕೈಯಲ್ಲೊಂದು ಪುಟ್ಟ ಪ್ಲಾಸ್ಟಿಕ್ ಕವರ್ ಇಟ್ಟಳು.

“ಅಣ್ಣಯ್ಯ, ಇಲ್ಲೇ ನಮ್ಮ ತಾಲ್ಲೂಕಿನ ಮದ್ದೂರು ಕಡೆ ಓಗಿ ಕಾಡಂಚಿನ ನಾಯಿಗಳ ಎಂಜಲು ತಗಂಡು ಬರ್ಬೇಕು. ಜೀಪಿನೊಳಗೆ ಇದು ಕಾಯ್ದು ಆಳಾಗೋಯ್ತದೆ. ಸಂಜೆಗಂಟ ಜೋಪಾನ ಮಾಡು.”

“ಏನಮ್ಮಿ ಇದು?”

“ಹಳೇ ಕಲ್ಗೋರೀಲಿ ಸಿಕ್ಕಿದ ನಾಯಿ ಕಿವಿಮೂಳೆ. ಯಜಮಾನನ ಪಕ್ಕದಲ್ಲೇ ಮಣ್ಣು ಮಾಡವ್ರೆ. ಸಾವಿರಾರು ವರ್ಷದ್ದು. ನಮ್ಮ ಬಿಸ್ಲಿಗೆ ಬೇರೆ ಮೂಳೇಲಿ ಏನೂ ಉಳಿಯಲ್ಲ, ಇದೊಂದೇ ಗಟ್ಟಿ. ಇದ್ರಲ್ಲೂ ಏನೂ ಸಿಗ್ನಿಲ್ಲ ಅಂದ್ರೆ ನನ್ನ ಕೆಲ್ಸ ಮುಗೀತು ಅಂತ್ಲೇ ತಿಳ್ಕೊ. ಕವರ್ ಬಿಚ್ಬೇಡ, ಬಿಸ್ಲಿಗೆ ಇಡ್ಬೇಡ, ಕೈಲಿ ಮುಟ್ಬೇಡ.”

“ನಿಮ್ಮಣ್ಣ ಮಾದಪ್ಪನ ಕೈಲಿ ಕೊಟ್ಟಿದ್ದೀಯ ಕಣಮ್ಮಿ. ಧೈರ್ಯವಾಗಿ ಓಗು!”

ಜೀಪು ಬೀದಿ ತಿರುಗುವ ಮೊದಲೇ ಅವ್ವ ಪೂಜೆಯಿಂದ ಎದ್ದು ಬಂದಳು. “ಏನ್ಲಾ ಅದು?”

“ಮೂಳೆ ಕಣವ್ವ. ನಾಯೀದು.”

ನಮ್ಮದು ಲಿಂಗಪೂಜೆಯ ಮನೆ. ಏಳು ತಲೆಮಾರಿನಲ್ಲಿ ಮೊಟ್ಟೆಯ ಸಿಪ್ಪೆಯೂ ಹೊಸ್ತಿಲು ದಾಟಿಲ್ಲ. ಅವ್ವನ ಹಣೆಯ ವಿಭೂತಿ ನಡುಗಿತು. “ಲಿಂಗ ಇರೋ ಮನೇಗೆ ಮೂಳೆ ತಂದಿದ್ದೀಯಾ? ಅದೂ ನಾಯೀದು! ಆಚಿಗ್ ತಗಂಡೋಗ್ಲಾ ಮೊದ್ಲು!”

ಮೂಳೆಯೂ ನಾನೂ ಅಂಗಳಕ್ಕೆ ಬಂದೆವು. ಅಲ್ಲಿ ಟಾರ್ಪಾಲಿನ ಮೇಲೆ ನಮ್ಮ ವರ್ಷದ ಅರಿಶಿನ ಹರಡಿತ್ತು. ಕವರನ್ನು ಎತ್ತಿ ನೋಡುತ್ತೇನೆ, ಒಳಗೆಲ್ಲ ಬೆವರ ಹನಿ! ನನ್ನ ವೃತ್ತಿಧರ್ಮ ಜಾಗೃತವಾಯಿತು. ಪಾಪ, ಓದಿದವಳಿಗೆ ಬೂಷ್ಟಿನ ವಿಚಾರ ಏನು ಗೊತ್ತು? ಕವರ್ ಬಿಚ್ಚಿದೆ. ಮೂಳೆಯನ್ನು ಟಾರ್ಪಾಲಿನ ಒಂದು ಮೂಲೆಯಲ್ಲಿ ಬಿಸಿಲಿಗಿಟ್ಟೆ. ತಂಗಿ ಬೇಡವೆಂದ ಮೂರನ್ನೂ ಒಂದೇ ಉಸಿರಿನಲ್ಲಿ ಮುಗಿಸಿ, ಉಪಕಾರ ಮಾಡಿದ ತೃಪ್ತಿಯಿಂದ ಕಾಫಿ ಕುಡಿಯಲು ಒಳಗೆ ಹೋದೆ.

ಹೊರಗೆ ಬಂದಾಗ ಮೂಲೆ ಖಾಲಿ. ಹೆಂಡತಿ ನೀಲ ಪೊರಕೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಚಂದಕವಾಡಿಯ ಸಿದ್ದರಾಜು ಬಾಡಿಗೆಗೆ ತಂದ, ಗೆಡ್ಡೆ ಉಜ್ಜಿ ಹೊಳಪು ಕೊಡುವ ಪಾಲಿಶ್ ಡ್ರಮ್ಮು ಗಡಗಡ ತಿರುಗುತ್ತಿತ್ತು.

“ನೀಲಾ, ಇಲ್ಲಿದ್ದುದು ಎಲ್ಲಿ?”

“ಒಂದು ಗೆಡ್ಡೆ ಒಂಟಿಯಾಗಿ ಬಿದ್ದಿತ್ತು, ರಾಶಿಗೆ ಗುಡಿಸಿ ಡ್ರಮ್ಮಿಗೆ ತುಂಬಿಸ್ದೆ. ಒಂದು ಗೆಡ್ಡೆನೂ ಆಳಾಗಬಾರ್ದು ಅಂತ ನೀವೇ ತಾನೆ ಬಾಯಿ ಬಡ್ಕೊಳೋದು?”

“ಸಿದ್ದರಾಜು, ನಿಲ್ಸ್ಲಾ!”

“ಈಗ್ತಾನೆ ಒಳಪು ಬತ್ತಾ ಅದೆ, ತಡಿ ಕಣಣ್ಣ.”

“ಒಳಗೆ ನಾಯಿ ಅದೆ ಕಣ್ಲಾ!”

ಸಿದ್ದರಾಜು ಹೌಹಾರಿ ಡ್ರಮ್ಮು ನಿಲ್ಲಿಸಿದ. ಎಲ್ಲವನ್ನೂ ನೆಲಕ್ಕೆ ಸುರಿದೆವು. ಹಳದಿ, ಬರೀ ಹಳದಿ. ಹೆಬ್ಬೆರಳ ತುದಿಯಷ್ಟಿದ್ದ ಆ ಮೂಳೆಯೂ ಹಳದಿಯಾಗಿ, ಗುಂಡಗಾಗಿ, ಸಾವಿರಾರು ಗೆಡ್ಡೆಗಳ ನಡುವೆ ಸಂಸಾರ ಹೂಡಿತ್ತು. ಒಣಗಿದ ಅರಿಶಿನವನ್ನು ನಾವು ಮುರಿದು ಸದ್ದು ಕೇಳಿ ಪರೀಕ್ಷಿಸುವುದು ವಾಡಿಕೆ. ಆದರೆ ಮುರಿದದ್ದು ಮೂಳೆಯೇ ಆಗಿಬಿಟ್ಟರೆ? ಉಳಿದದ್ದು ಒಂದೇ ದಾರಿ. ಅನುಮಾನ ಬಂದದ್ದನ್ನೆಲ್ಲ ಪಂಚೆಯಲ್ಲಿ ಒರೆಸಿ ಮೆಲ್ಲಗೆ ಕಚ್ಚಿ ನೋಡತೊಡಗಿದೆ. ಕಹಿಯಾದರೆ ಅರಿಶಿನ. ಕಹಿಯಾಗದಿದ್ದರೆ ನಾಯಿ.

ನಾಲಿಗೆ ಮರಗಟ್ಟುವ ಹೊತ್ತಿಗೆ ಒಂದು ಕಹಿಯಾಗಲಿಲ್ಲ. ಬರೀ ಹಳೇ ಮಣ್ಣಿನ ರುಚಿ. “ಸಿಕ್ತು!” ಎಂದು ಕೂಗಲು ಹೋದೆ. ಬಾಯಲ್ಲಿ ಮೂಳೆಯಿತ್ತು.

“ಶಿವಶಿವಾ! ಅದ್ನ ಉಗೀರಿ ಮೊದ್ಲು! ಅತ್ತೆ ನೋಡ್ಬುಟ್ರೆ ಪ್ರಾಣ ಬುಟ್ಬುಡ್ತರೆ!” ಎಂದಳು ನೀಲ.

ಸಿದ್ದರಾಜು ಅದನ್ನು ಬಿಸಿಲಿಗೆ ಹಿಡಿದು ಮೆಚ್ಚಿದ. “ಏನ್ ಒಳೀತಾ ಅದೆ ನೋಡಣ್ಣ! ಬದುಕಿದ್ದಾಗ್ಲೂ ಈ ನಾಯಿಗೆ ಇಂಥ ಕಳೆ ಇದ್ದಿಲ್ಲ.”

ಮತ್ತೆ ಕವರಿಗೆ ತುಂಬಿ ಅಂಟಿಸಿದೆ. ಸಂಜೆ ಮಂಗಳ ಅವಸರದಲ್ಲೇ ಕವರು ಎತ್ತಿ ನೋಡಿದಳು. “ಹಳದಿ ಕಾಣ್ತಾ ಅದಲ್ಲ?”

“ವಯಸ್ಸಾದ್ಮೇಲೆ ಹಲ್ಲೂ ಹಳದಿ ಆಗದಿಲ್ವಾ ಕಣಮ್ಮಿ,” ಎಂದೆ, ನನ್ನ ಹಲ್ಲುಗಳನ್ನು ಟವೆಲಿನಿಂದ ಮುಚ್ಚಿಕೊಂಡು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅಣ್ಣನಾದವನ ಮರ್ಯಾದೆ ಅಡ್ಡ ಬಂತು. ಅವಳು ನನ್ನನ್ನು ನಂಬಿ ಜೀಪು ಹತ್ತಿದಳು.

ಕೆಲವು ವಾರಗಳ ಮೇಲೆ ಫೋನ್ ಬಂತು. ಅವಳು ಅಳುತ್ತಿದ್ದಳು. “ಅಣ್ಣಯ್ಯ, ಮೂಳೆ ಮೇಲೆಲ್ಲ ಮನುಷ್ಯರ ಡಿಎನ್‌ಎ ಸಿಕ್ಕದೆ. ತಾಯಿ ಕಡೆಯಿಂದ ಮಕ್ಳಿಗೆ ಬರೋ ಗುರುತು ನಂದೇ ಅಂತೆ. ಗ್ಲೌಸ್ ಇಲ್ದೆ ಮುಟ್ಟಿದ್ದೀಯ, ಮೇಲೆ ಸುಳ್ಳು ಬೇರೆ ಹೇಳ್ತೀಯ ಅಂತ ಸರ್ ಬೈದ್ರು. ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ ಅಂದವ್ರೆ. ಅವ್ವನಾಣೆಗೂ ನಾನು ಮುಟ್ಟಿಲ್ಲ ಅಣ್ಣಯ್ಯ!”

ನನ್ನ ಬಾಯಿ ಮತ್ತೆ ಕಹಿಯಾಯಿತು. ನೀಲ ನನ್ನ ಕೈಗೆ ಇಸ್ತ್ರಿ ಶರ್ಟು ಕೊಟ್ಟಳು. “ಮೂಳೆ ಕಚ್ಚೋಕೆ ಇದ್ದ ಧೈರ್ಯ, ಒಪ್ಕೊಳೋಕೆ ಇಲ್ವಾ? ಬಸ್ ಹತ್ತಿ.”

ತಂಗಿಯ ಲ್ಯಾಬಿಗೆ ಹೋಗಿ, ಅವಳನ್ನು ಬೈದ ಸಾಹೇಬರ ಮುಂದೆ ಕೈಮುಗಿದು ನಿಂತೆ. ಪಕ್ಕದಲ್ಲಿ ಕೆಂಪು ಕಣ್ಣಿನ ಮಂಗಳ.

“ಸ್ವಾಮಿ, ತಾಯಿ ಕಡೆ ಗುರುತು ಇವಳದ್ದು ಅಂದ್ರಂತೆ. ಆ ತಾಯಿ ನನಗೂ ತಾಯೀನೇ. ಮೂಳೆ ಕಚ್ಚಿದ್ದು ನಾನು.”

ಸಾಹೇಬರು ಕನ್ನಡಕ ತೆಗೆದರು. “ಕಚ್ಚಿದ್ದು?”

“ಕಹಿ ಅದಾ ಅಂತ ನೋಡೋಕೆ ಸ್ವಾಮಿ.”

ಎಲ್ಲ ಹೇಳಿದೆ. ಬಿಸಿಲು, ಪೊರಕೆ, ಡ್ರಮ್ಮು, ಪಂಚೆ, ಹಲ್ಲು. ಸಾಹೇಬರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. “ಇಷ್ಟು ವರ್ಷ ನಾಯಿ ಮೂಳೆ ನೋಡಿದ್ದೀನಿ. ನಾಯಿ ಮನುಷ್ಯರನ್ನ ಕಚ್ಚಿದ್ದೂ ನೋಡಿದ್ದೀನಿ. ಇದು ಹೊಸದು,” ಎಂದರು. ಮಂಗಳ ನನ್ನತ್ತ ನೋಡಿದ ನೋಟಕ್ಕೆ ಡ್ರಮ್ಮಿನೊಳಗೆ ನಾನೇ ಬಿದ್ದಿದ್ದರೆ ಚೆನ್ನಾಗಿತ್ತು ಎನಿಸಿತು.

ಪುರಾವೆ ಬೇಕಲ್ಲ? ಮದ್ದೂರಿನ ನಾಯಿಗಳ ಬಾಯಿಗೆ ಹಾಕಿದಂಥದೇ ಹತ್ತಿಕಡ್ಡಿ ನನ್ನ ಬಾಯಿಗೂ ಬಂತು. ನಾಯಿಗಳು ಕೊಸರಾಡಿದ್ದವಂತೆ. ನಾನು ಕೊಸರಾಡಲಿಲ್ಲ.

ಮೂಳೆಯ ಮೇಲಿದ್ದುದು ಪೂರಾ ನಾನೇ ಎಂದು ಸಾಬೀತಾಯಿತು. ಸಾಹೇಬರು ಎಲ್ಲರೆದುರಿಗೆ ಮಂಗಳಳ ಕ್ಷಮೆ ಕೇಳಿದರು. “ನೀವೇ ಮುಂದುವರಿಸಿ,” ಎಂದು ಮೂಳೆಯನ್ನು ಅವಳ ಕೈಗೇ ಕೊಟ್ಟರು. ಅವಳು ಇನ್ನೂ ಆಳಕ್ಕೆ ಕೊರೆದಳು. ಅಲ್ಲಿ, ಬಿಸಿಲಾಗಲಿ ಡ್ರಮ್ಮಾಗಲಿ ನನ್ನ ಹಲ್ಲಾಗಲಿ ತಲುಪದ ಜಾಗದಲ್ಲಿ, ಆ ನಾಯಿ ತನ್ನ ವಂಶವನ್ನು ಭದ್ರವಾಗಿ ಇಟ್ಟುಕೊಂಡಿತ್ತು!

“ಸಿಕ್ತು ಅಣ್ಣಯ್ಯ!” ಎಂದು ಅವಳು ಫೋನಿನಲ್ಲಿ ಕಿರುಚಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. ಮದ್ದೂರು ಕಡೆಯ ಬೀದಿನಾಯಿಗಳೂ ಆ ಗೋರಿಯ ನಾಯಿಯೂ ದೂರದ ನೆಂಟರಂತೆ. ನಾನು ಎಲ್ಲ ಮರೆತು ಟವೆಲ್ ಕೊಡವಿಕೊಂಡು ಪೇಟೆಗೆ ನಡೆದೆ. ಕಾಫಿ ಅಂಗಡಿಯಲ್ಲಿ, ಅರಿಶಿನದ ಮಂಡಿಯಲ್ಲಿ, ಕಂಡಕಂಡವರಿಗೆಲ್ಲ ಹೇಳಿದೆ, ಆ ನಾಯಿಯ ಜೊತೆ ನನ್ನ ಡಿಎನ್‌ಎಯೂ ಕಂಪ್ಯೂಟರಿನೊಳಗೆ ಸೇರಿದೆ ಎಂದು. ಅವ್ವನ ಕಿವಿಗೆ ಬೀಳದಂತೆ ಹೇಳಿದೆ ಎಂದುಕೊಂಡಿದ್ದೆ. ಮನೆಗೆ ಬಂದರೆ ಬಾಗಿಲಲ್ಲಿ ಅವ್ವ, ಬಿಂದಿಗೆ ತುಂಬ ತಣ್ಣೀರು! ಬಟ್ಟೆ ಸಮೇತ ನನಗೆ ಸ್ನಾನವಾಯಿತು.

ನಡುಗುತ್ತಲೇ ಮಂಗಳಳಿಗೆ ಫೋನ್ ಮಾಡಿದೆ. “ಅಲ್ಲ ಕಣಮ್ಮಿ, ಕಂಪ್ಯೂಟರಿನಲ್ಲಿ ನಂದೂ ಅದೆ ತಾನೆ?”

“ಇಲ್ಲ ಅಣ್ಣಯ್ಯ. ನಿಂದು ಯಾವುದು ಅಂತ ಗುರುತಿಡಿದು ಎಲ್ಲಾನೂ ತೆಗೆದಾಕಿದ್ವಿ. ನೀನು ಪೂರ್ತಿ ಆಚೆಗೋದ್ಮೇಲೇನೇ ಎಲ್ಲ ಚೊಕ್ಕ ಆಗಿದ್ದು.”

ಸ್ಪೀಕರಿನಲ್ಲಿ ಕೇಳಿಸಿಕೊಂಡ ನೀಲ ಒಲೆಯ ಮುಂದಿನಿಂದಲೇ ಅಂದಳು. “ಇದ್ಕೆ ಅಷ್ಟು ದೊಡ್ಡ ಲ್ಯಾಬ್ ಯಾಕ್ ಬೇಕಿತ್ತು ಮಂಗಳಾ? ಇವ್ರು ಹೊಲಕ್ಕೋದ್ಮೇಲೆ ನಮ್ಮನೇನೂ ಅಂಗೇ ಚೊಕ್ಕ ಆಯ್ತದೆ!”