ನನ್ನ ಓಮ್ನಿಗೆ ಬಾಬಣ್ಣನ ಎಂಜಿನ್ನು

ಹಾಳಾದದ್ದನ್ನು ಎಸೆದುಬಿಡಬೇಕು ಎನ್ನುವವರ ಜೊತೆ ನನಗೆ ಮೊದಲಿನಿಂದಲೂ ಸರಿಹೋಗುವುದಿಲ್ಲ. ಎಸೆಯುವುದೇನು ದೊಡ್ಡ ವಿದ್ಯೆಯೇ? ಕೈ ಇದ್ದವರೆಲ್ಲ ಎಸೆಯಬಲ್ಲರು. ನಮ್ಮ ಮನೆಯ ಮಿಕ್ಸಿಯ ಮೋಟಾರು ಒಂದು ಕಂಪೆನಿಯದು, ಜಾರು ಇನ್ನೊಂದರದು, ಮುಚ್ಚಳ ಯಾವುದರದೋ ದೇವರಿಗೇ ಗೊತ್ತು. ಆದರೂ ಅದರಲ್ಲಿ ಅರೆದ ಚಟ್ನಿ ನನ್ನದೇ ಚಟ್ನಿ ಎಂದು ನಾಲಗೆ ಇದ್ದವರು ಯಾರಾದರೂ ಒಪ್ಪುತ್ತಾರೆ. ಇನ್ನೂ ಮುಂದೆ ಹೋಗಿ ಹೇಳುತ್ತೇನೆ. ನಮ್ಮ ಅತ್ತೆಯವರ ಎರಡೂ ಮೊಣಕಾಲು ಬದಲಾಯಿಸಿ ಆಗಿದೆ. ನಮ್ಮನೆಯವರ ಕಣ್ಣಿನೊಳಗೆ ಹೊಸ ಮಸೂರ ಕೂತಿದೆ, ಮುಂದಿನ ಸಾಲಿನ ಹಲ್ಲುಗಳನ್ನು ಕುಂದಾಪುರದ ದಂತವೈದ್ಯರು ಕೂರಿಸಿ ಕೊಟ್ಟಿದ್ದಾರೆ. ಆಗೆಲ್ಲ ನಾನು ಗುಜರಿಯವನಿಗೆ ಫೋನ್ ಮಾಡಿದೆನೇ? ಮಾಡಲಿಲ್ಲ. ಹಾಗಿರುವಾಗ ನನ್ನ ಓಮ್ನಿಯ ಎಂಜಿನ್ನು ಕೆಟ್ಟ ಮಾತ್ರಕ್ಕೆ ಅವರು ಗುಜರಿಯವನಿಗೆ ಫೋನ್ ಮಾಡಿದ್ದು ಯಾವ ನ್ಯಾಯ, ನೀವೇ ಹೇಳಿ.

ಓಮ್ನಿ ನನ್ನದು. ಈ ಮಾತನ್ನು ಒತ್ತಿ ಹೇಳಬೇಕು, ಯಾಕೆಂದರೆ ಮನೆಯಲ್ಲಿ ಉಳಿದದ್ದೆಲ್ಲ 'ನಮ್ಮದು'. ಹೆಮ್ಮಾಡಿಯ ನಮ್ಮ ಮನೆಯ ಹಿಂದಿನ ಚಾವಡಿಯಲ್ಲಿ ನಾನು ಹಪ್ಪಳ, ಸಂಡಿಗೆ, ಚಕ್ಕುಲಿ, ಉಪ್ಪಿನಕಾಯಿ ಮಾಡಿ, ಅದನ್ನು ಓಮ್ನಿಯ ಹಿಂದೆ ತುಂಬಿಕೊಂಡು, ಒಂದು ದಿನ ಬೈಂದೂರಿನ ದಿಕ್ಕಿಗೆ, ಇನ್ನೊಂದು ದಿನ ಬ್ರಹ್ಮಾವರದ ದಿಕ್ಕಿಗೆ ಹೋಗಿ ಅಂಗಡಿಗಳಿಗೆ ಕೊಟ್ಟು ಬರುವವಳು. ಅದಕ್ಕಾಗಿ ಡ್ರೈವಿಂಗ್ ಕಲಿತದ್ದೂ ನಾನೇ, ಓಡಿಸುವುದೂ ನಾನೇ. ಮನೆಯಿಂದ ಹೊರಗೆ ಹೋಗುವಾಗ ಯಾರನ್ನೂ ಕಾಯಬೇಕಾಗಿಲ್ಲದ, ಯಾರಿಗೂ ಹೇಳಬೇಕಾಗಿಲ್ಲದ ಒಂದೇ ಒಂದು ಸೌಭಾಗ್ಯ ನನಗಿದ್ದರೆ ಅದು ಆ ಗಾಡಿಯ ಬೀಗದ ಕೈ. ಅದು ಹೋದರೆ ನನ್ನ ವ್ಯಾಪಾರವೂ ಹೋಗುತ್ತದೆ, ನಾನು ಮತ್ತೆ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಲ್ಲುವ ಹೆಂಗಸಾಗುತ್ತೇನೆ. ಇದನ್ನು ನಮ್ಮನೆಯವರಿಗೆ ವಿವರಿಸಿದರೆ ಅವರು, "ಬಸ್ಸಿಗೆ ಎಂತ ಆಯ್ತ್? ಬಸ್ಸಂಗೆ ಜನ ಹೋತಿಲ್ಯಾ?" ಎನ್ನುತ್ತಾರೆ. ಸಹಕಾರಿ ಸಂಘದ ಕುರ್ಚಿಯಲ್ಲಿ ಕೂತೇ ನಿವೃತ್ತರಾದವರಿಗೆ ಬಸ್ಸಿನಲ್ಲಿ ಹಪ್ಪಳ ಒಯ್ಯುವ ಕಷ್ಟ ತಿಳಿಯುವುದು ಹೇಗೆ? ಹತ್ತುವಾಗ ಹಪ್ಪಳ, ಇಳಿಯುವಾಗ ಪುಡಿ.

ಗಾಡಿ ಕೆಡುವುದಕ್ಕೂ ಒಂದು ಮರ್ಯಾದೆ ಬೇಕು. ನನ್ನದು ಹೆದ್ದಾರಿಯ ನಡುವೆ, ಎಲ್ಲರೂ ನೋಡುವಂಥ ಜಾಗದಲ್ಲಿ, ಮದುವೆ ಮನೆಯ ಒಲೆಯ ಹಾಗೆ ಹೊಗೆ ಬಿಟ್ಟು ನಿಂತಿತು. ಬಸ್ರೂರಿನ ಮೆಕ್ಯಾನಿಕ್ ಶೇಷಣ್ಣ ಬಂದು ಸೀಟು ಎತ್ತಿ, ಒಳಗೆ ಇಣುಕಿ, ಸಾವಿನ ಮನೆಗೆ ಬಂದವರಂತೆ ತಲೆ ಆಡಿಸಿದ. ಈ ಶೇಷಣ್ಣನದ್ದು ಕೈಗಿಂತ ಬಾಯಿ ಮುಂದೆ. ಒಂದು ಬೋಲ್ಟ್ ಬಿಚ್ಚುವಷ್ಟರಲ್ಲಿ ಅದಕ್ಕೆ ಸಂಬಂಧಿಸಿದ ಊರ ಸುದ್ದಿ ಒಂದನ್ನು ಹೇಳಿ ಮುಗಿಸಿರುತ್ತಾನೆ. "ಅಕ್ಕಾ, ಎಂಜಿನ್ ಮುಗಿತ್. ಇದಕ್ಕ್ ಇನ್ನ್ ಖರ್ಚ್ ಮಾಡೂದ್ ದಂಡ. ಆರೆ ಬಾಡಿ ಕಾಣಿ, ಎಂತ ಚಂದ ಇತ್ತ್! ತುಕ್ಕ್ ಹೇಳಿ ಹೆಸ್ರಿಗಿಲ್ಲೆ" ಎಂದ. ಇರುವುದೆಲ್ಲಿಂದ? ಒಣ ಹಪ್ಪಳ ಹೊತ್ತ ಗಾಡಿ ಅದು. ಒಂದು ಹನಿ ನೀರು ಸೋಕಲು ನಾನು ಬಿಟ್ಟವಳಲ್ಲ. ಆಮೇಲೆ ಅವನು ದನಿ ತಗ್ಗಿಸಿ ಹೇಳಿದ: "ಉಪ್ಪುಂದದ ಬಾಬಣ್ಣನ ಮೀನಿನ ಓಮ್ನಿ ನನ್ನ ಗ್ಯಾರೇಜಿನ ಹಿಂದೆ ಇತ್ತ್. ಐಸಿನ ನೀರ್ ಬಿದ್ದ್ ಬಿದ್ದ್ ಅದ್ರ ಬಾಡಿ ಜರಡಿ ಆಯ್ತ್. ಎಂಜಿನ್ ಮಾತ್ರ ಕಲ್ಲ್!"

ನಾನು ಜಾತಕ ನಂಬುವವಳಲ್ಲ. ಆದರೆ ಈ ಎರಡು ಗಾಡಿಗಳಷ್ಟು ಹೊಂದಿಕೆಯಾದ ಜೋಡಿಯನ್ನು ನಾನು ಮನುಷ್ಯರಲ್ಲಿಯೂ ಕಂಡಿಲ್ಲ. ಅದರದ್ದು ಮೈ ಹೋಗಿ ಜೀವ ಉಳಿದದ್ದು, ನನ್ನದು ಜೀವ ಹೋಗಿ ಮೈ ಉಳಿದದ್ದು. ಬಾಬಣ್ಣ ನಮ್ಮೂರಿಗೂ ಮೀನು ತರುವವನೇ. ಅವನು ಹೊಸ ಗೂಡ್ಸ್ ರಿಕ್ಷಾ ತೆಗೆದುಕೊಂಡಿದ್ದ, ಹಳೆಯದನ್ನು ಸಂತೋಷದಿಂದಲೇ ಬಿಟ್ಟುಕೊಟ್ಟ. ಎಂಜಿನ್ನು ಒಂದನ್ನೇ ಹಾಕು ಎಂದರೆ ಶೇಷಣ್ಣ ಒಪ್ಪಲಿಲ್ಲ. ಅದರ ಎಂಜಿನ್ನಿಗೆ ಅದರದ್ದೇ ಗೇರ್ ಬಾಕ್ಸು ಬೇಕು, ಇಷ್ಟು ವರ್ಷ ಒಟ್ಟಿಗೆ ತಿರುಗಿದವನ್ನು ಬೇರೆ ಮಾಡಿದರೆ ಎರಡೂ ಕೆಡುತ್ತವೆ ಎಂದ. ನನ್ನ ಸೈಲೆನ್ಸರು ಹೇಗೂ ತೂತು, ಅದೂ ಆ ಗಾಡಿಯದ್ದೇ ಇರಲಿ ಎಂದ. ನಾನು ಎಲ್ಲದಕ್ಕೂ ಹೂಂ ಎಂದೆ. ಗುಜರಿಯವನು ಬಂದು ನನ್ನ ಓಮ್ನಿಯ ಬಾಗಿಲು ತಟ್ಟಿ, ಕಲ್ಲಂಗಡಿ ಕೊಳ್ಳುವವನ ಹಾಗೆ ಸದ್ದು ಕೇಳುತ್ತಿದ್ದಾಗ ನಾನು ಹೊರಗೆ ಬಂದು, "ಹ್ವಾಯ್, ಅದನ್ನ್ ಮುಟ್ಟೂಕಿಲ್ಲ" ಎಂದು ಕಳಿಸಿದೆ. ನಮ್ಮನೆಯವರು ಆಗ ಒಂದು ಷರತ್ತು ಹಾಕಿದರು. ಗಾಡಿ ರಿಪೇರಿಯಾಗಿ ಬಂದ ಮೇಲೆ ಬೈಂದೂರಿಗೆ ಹೋಗಿ, ಯಾರೂ ತಳ್ಳದೆ, ತಾನಾಗಿ ಮನೆಗೆ ತಿರುಗಿ ಬರಬೇಕು. ಬಂದರೆ ಇರುತ್ತದೆ, ಇಲ್ಲವಾದರೆ ಗುಜರಿ. "ನೀವೂ ಬನ್ನಿ, ಬದಿಯಲ್ಲಿ ಕೂತ್ಕಂಡ್ ಕಾಣಿ" ಎಂದೆ.

ಓಮ್ನಿಯ ಎಂಜಿನ್ನನ್ನು ಮೇಲಿನಿಂದ ಎತ್ತುವುದಿಲ್ಲ, ಕೆಳಗಿನಿಂದ ಇಳಿಸುತ್ತಾರೆ. ಅದನ್ನು ನೋಡುವುದು ಸುಲಭವಲ್ಲ. ಗಾಡಿಯನ್ನು ಜಾಕಿನ ಮೇಲೆ ನಿಲ್ಲಿಸಿ, ಶೇಷಣ್ಣ ಅಂಗಾತ ಮಲಗಿ ಅಡಿಗೆ ಹೋದರೆ, ಅಲ್ಲಿಂದಲೂ ಮಾತು ನಿಲ್ಲುವುದಿಲ್ಲ. ಇವತ್ತು ಆಗುತ್ತದೆ, ನಾಳೆ ಆಗುತ್ತದೆ ಎನ್ನುತ್ತಾ ನನ್ನ ಎರಡು ವಾರದ ಹಪ್ಪಳ ಚಾವಡಿಯಲ್ಲೇ ಉಳಿಯುವಂತೆ ಮಾಡಿದ. ಆರ್‌ಟಿಓ ಕಚೇರಿಯಲ್ಲಿ ಎಂಜಿನ್ ನಂಬರು ಬದಲಿಸುವ ಅಲೆದಾಟವೂ ಮುಗಿಯಿತು. ಕೊನೆಗೆ ಒಂದು ದಿನ ಬೀಗದ ಕೈ ತಿರುಗಿಸಿದೆ ನೋಡಿ, ಗಾಡಿ ಒಂದೇ ಏಟಿಗೆ ಹಿಡಿಯಿತು. ಕಣ್ಣಲ್ಲಿ ನೀರು ಬಂತು ಎಂದರೆ ನೀವು ನಗಬಹುದು, ನಗಿ. ಸೀಟಿನ ಕೆಳಗೇ ಎಂಜಿನ್ನು ಇರುವ ಗಾಡಿಯಲ್ಲಿ ಕೂತವಳಿಗೆ ಆ ನಡುಕ ನೇರ ಬೆನ್ನಿಗೇ ಬರುತ್ತದೆ.

ಪರೀಕ್ಷೆಯ ದಿನ ನಮ್ಮನೆಯವರು ಇಸ್ತ್ರಿ ಅಂಗಿ ಹಾಕಿಕೊಂಡು ಬದಿಯಲ್ಲಿ ಕೂತರು. ತ್ರಾಸಿ ದಾಟಿತು, ಮರವಂತೆ ದಾಟಿತು. ಒಂದೇ ಸಣ್ಣ ತೊಂದರೆ ಎಂದರೆ ಗೇರು. ಹೆದ್ದಾರಿಯಲ್ಲಿ ಸರಿಯಾಗಿಯೇ ಇರುತ್ತಿದ್ದದ್ದು, ಒಳರಸ್ತೆಗೆ ಇಳಿದ ಕೂಡಲೇ ಮೂರರಿಂದ ತಾನಾಗಿ ಕಳಚಿಕೊಳ್ಳುತ್ತಿತ್ತು. ಬಾಬಣ್ಣನ ಕೈಯಲ್ಲಿ ವರ್ಷಗಟ್ಟಲೆ ಗೇಟಿಗೊಮ್ಮೆ ನಿಂತು ನಿಂತು ಅದಕ್ಕೆ ಎರಡರಲ್ಲೇ ನೆಮ್ಮದಿ. ಹಾಗಾಗಿ ಉಪ್ಪುಂದದ ಒಳರಸ್ತೆಯಲ್ಲಿ, ನಾನು ಅಂಗಡಿಗೆ ಹಪ್ಪಳ ಕೊಡಲು ಹೋಗುವಾಗ, ಗಾಡಿ ನಿಧಾನಕ್ಕೆ ಸಾಗಿತು. ಒಂದು ಗೇಟಿನಿಂದ ಹೆಂಗಸೊಬ್ಬಳು ಪಾತ್ರೆ ಹಿಡಿದು ಹೊರಗೆ ಬಂದಳು. ಮುಂದಿನ ಮನೆಯಿಂದ ಇನ್ನೊಬ್ಬಳು. ಅಂಗಡಿಯ ಎದುರು ನಿಲ್ಲಿಸುವಷ್ಟರಲ್ಲಿ ಹಿಂದೆ ಪಾತ್ರೆಗಳ ಒಂದು ಮೆರವಣಿಗೆ, ಅದರ ಹಿಂದೆ ಬೆಕ್ಕುಗಳು. ನಮ್ಮನೆಯವರ ಬದಿಯ ಕಿಟಕಿಗೆ ತಲೆ ಹಾಕಿ ಒಬ್ಬ ಅಜ್ಜಿ ಕೇಳಿದರು: "ಹ್ವಾಯ್, ಬಂಗ್ಡೆ ಹ್ಯಾಂಗೆ? ಬಾಬಣ್ಣ ಎಲ್ಲಿ? ನೀವ್ ಅವ್ನ ಕೆಲ್ಸಕ್ಕ್ ಸೇರಿದ್ದಾ?"

ಸಹಕಾರಿ ಸಂಘದಲ್ಲಿ ಸಹಿ ಹಾಕಿ ಹಾಕಿ ದೊಡ್ಡ ಮನುಷ್ಯರಾದವರ ಮುಖ ಆಗ ಏನಾಯಿತು ಎಂದು ನಾನು ವರ್ಣಿಸುವುದಿಲ್ಲ, ಒಟ್ಟಿಗೆ ಬದುಕಬೇಕಾದವಳು. ಮೀನಿಲ್ಲ ಎಂದರೆ ಅಜ್ಜಿ ನಂಬಲೇ ಇಲ್ಲ. "ಗಾಡಿ ಸದ್ದ್ ನಂಗೆ ಗೊತ್ತಿಲ್ಯಾ?" ಎಂದು ಹಿಂದಿನ ಬಾಗಿಲು ತೆಗೆಸಿ ನೋಡಿ, ಹಪ್ಪಳದ ಕಟ್ಟು ಕಂಡು, ಮೋಸ ಹೋದವರಂತೆ ನಿಟ್ಟುಸಿರು ಬಿಟ್ಟು ಹೋದರು. ಬೈಂದೂರು ತಲುಪಿದ್ದಾಯಿತು, ತಿರುಗಿ ಮನೆಗೆ ಬಂದದ್ದೂ ಆಯಿತು. ಯಾರೂ ತಳ್ಳಲಿಲ್ಲ, ಬೇಕಿದ್ದರೆ ತಳ್ಳಲು ಅಷ್ಟು ಜನ ಹಿಂದೆಯೇ ಇದ್ದರು. ನಾನು ಗೆದ್ದೆ ಎಂದೆ. ನಮ್ಮನೆಯವರು ಅಂಗಿ ಕಳಚುತ್ತಾ, "ಗೆದ್ದದ್ದ್ ಬಾಬಣ್ಣನ ಗಾಡಿ, ನಿಂದಲ್ಲ. ನಿಂದ್ ಅಂದ್ರೆ ಅದ್ರಲ್ಲಿ ಈಗ ಎಂತ ಉಳ್ದಿತ್ತ್? ತಗಡ್" ಎಂದರು. "ನಿಮ್ಮ್ ಅಮ್ಮನ ಮೊಣಕಾಲ್ ಡಾಕ್ಟ್ರದ್ದಾ, ಅಮ್ಮಂದಾ?" ಎಂದು ಕೇಳಿದೆ. ಒಳಕೋಣೆಯಿಂದ ಅತ್ತೆ, "ನಂದೇ!" ಎಂದು ಕೂಗಿದರು. ನಮ್ಮ ಮನೆಯಲ್ಲಿ ನನ್ನ ಪರ ಬಿದ್ದ ಮೊದಲ ಮತ ಅದು.

ಆದರೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಬ್ರಹ್ಮಾವರದಲ್ಲಿ ನನ್ನಿಂದ ಅತಿ ಹೆಚ್ಚು ಮಾಲು ತೆಗೆದುಕೊಳ್ಳುತ್ತಿದ್ದ ವನಜಾಕ್ಷಮ್ಮನ ಅಂಗಡಿಯಿದೆ. ವ್ರತ, ಪೂಜೆಯ ಮನೆಗಳಿಗೆಲ್ಲ ಹಪ್ಪಳ ಸಂಡಿಗೆ ಹೋಗುವುದು ಅಲ್ಲಿಂದಲೇ. ಎಂಜಿನ್ನು ಎಲ್ಲಿಂದ ಬಂದದ್ದು ಎಂಬ ಸುದ್ದಿ, ಶೇಷಣ್ಣನ ಬಾಯಿ ಇರುವಾಗ, ನನ್ನ ಗಾಡಿಗಿಂತ ಮೊದಲೇ ಬ್ರಹ್ಮಾವರ ತಲುಪಿತ್ತು. ವನಜಾಕ್ಷಮ್ಮ ಕಟ್ಟು ಬಿಚ್ಚಿ ಮೂಸಿದರು, ಗಾಡಿಯೊಳಗೆ ತಲೆ ಹಾಕಿ ಮೂಸಿದರು. ಇಂಗಿನ ಪರಿಮಳ ಬಿಟ್ಟರೆ ಬೇರೇನೂ ಇಲ್ಲ. "ಅದೆಲ್ಲ ಸಮ. ಮೂಗಿಗೆ ಎಂತದೂ ಇಲ್ಲೆ. ಆರೆ ಮೀನಿನ ಗಾಡಿ ಅಂಬುದ್ ಗೊತ್ತಾಯ್ತಲೆ ಮಾರಾಯ್ತಿ, ಇನ್ನ್ ಮರೆಯೂಕ್ ಆತ್ತಾ? ಗಿರಾಕಿಗಳಿಗೆ ನಾ ಎಂತ ಹೇಳ್ಲಿ?" ಎಂದು ಕೈ ಮುಗಿದರು. ಮೀನು ತಿನ್ನದವರ ಅಂಗಡಿಗೆ ಮೀನು ಹೊತ್ತ ಎಂಜಿನ್ನು ಬಂದರೆ ಮೈಲಿಗೆ ಎಂದು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಪೆಟ್ರೋಲು ಸಸ್ಯಾಹಾರವೇ ಎಂದು ಕೇಳಬೇಕೆನಿಸಿತು, ಕೇಳಿಯೂಬಿಟ್ಟೆ. ಅದರಿಂದ ಏನೂ ಉಪಯೋಗವಾಗಲಿಲ್ಲ. ಕಟ್ಟುಗಳೆಲ್ಲ ವಾಪಸು ಗಾಡಿ ಹತ್ತಿದವು.

ಆ ಸಂಜೆ ಮನೆಯಲ್ಲಿ ಗುಜರಿಯವನ ಹೆಸರು ಮತ್ತೆ ಬಂತು. ನಿಜ ಹೇಳುತ್ತೇನೆ, ಹೆದರಿಕೆಯಾಯಿತು. ದೊಡ್ಡ ಅಂಗಡಿಯೇ ಹೋದ ಮೇಲೆ ಗಾಡಿಗೆ ಕೆಲಸವೇನು? ಆದರೆ ನನ್ನದೊಂದು ಗುಣ, ಹೆದರಿಕೆ ಜಾಸ್ತಿಯಾದರೆ ಸಿಟ್ಟಾಗಿ ಬದಲಾಗುತ್ತದೆ. ಅಂಗಡಿಗಳು ಬೇಡ ಎಂದರೆ ಬೇಡ. ನನ್ನ ಗಾಡಿಯ ಸದ್ದಿಗೆ ಊರೂರಿನ ಹೆಂಗಸರು ಪಾತ್ರೆ ಹಿಡಿದು ಗೇಟಿಗೆ ಬರುತ್ತಾರೆ. ಹಾರ್ನ್ ಹೊಡೆಯಬೇಕಿಲ್ಲ, ಕೂಗಬೇಕಿಲ್ಲ. ಇಷ್ಟು ಗಿರಾಕಿ ಯಾವ ಅಂಗಡಿಗಿದ್ದಾರೆ? ಮರುದಿನವೇ ಉಪ್ಪುಂದಕ್ಕೆ ಹೊರಟೆ. "ಮೀನಿಲ್ಲ, ಹಪ್ಪಳ ಇತ್ತ್. ಪಾತ್ರ ಹಿಡ್ಕಂಡ್ ಬಂದದ್ದ್ ಸುಮ್ನೆ ಹೋಪುದ್ ಎಂತಕೆ?" ಎಂದೆ. ಬೈದುಕೊಂಡೇ ಕೊಂಡರು. ಮೀನಿನ ಸಾರಿನ ಬದಿಗೆ ಹಪ್ಪಳ ಬೇಡವೆನ್ನುವವರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಸೋಮವಾರ ಹೋದಾಗ ಮಾತ್ರ ಒಬ್ಬರು ಅಂಗಳದಿಂದಲೇ, "ಸೋಮವಾರವೂ ಮೀನ್ ತರೂದಾ, ನಾಚ್ಕಿ ಇಲ್ಯಾ?" ಎಂದು ಗದರಿದರು. ಆ ಬೈಗುಳ ಬಾಬಣ್ಣನದ್ದು ಎಂದು ಬದಿಗಿಟ್ಟೆ.

ಆ ಬಾಬಣ್ಣನೇ ಒಂದು ದಿನ ಗೂಡ್ಸ್ ರಿಕ್ಷಾವನ್ನು ನನ್ನ ಗಾಡಿಗೆ ಅಡ್ಡ ನಿಲ್ಲಿಸಿ ಇಳಿದ. ಮುಖ ಬಾಡಿತ್ತು. "ಅಕ್ಕಾ, ನಿಮ್ಗೆ ಎಂಜಿನ್ ಕೊಟ್ಟದ್ದ್ ಹೌದ್. ಗಿರಾಕಿಗಳನ್ನ್ ಕೊಟ್ಟಿರ್ಲಿಲ್ಲೆ. ಈ ರಿಕ್ಷಾದ ಸದ್ದಿಗೆ ಒಂದ್ ಬೆಕ್ಕೂ ಎದ್ದ್ ಬತ್ತಿಲ್ಲೆ. ಐಸ್ ಕರಗಿ ಹೋತ್ತ್, ಮೀನ್ ಹಾಂಗೇ ಉಳಿತ್ತ್" ಎಂದ. ನನಗೆ ನಿಜವಾಗಿ ಬೇಸರವಾಯಿತು. ಆದರೆ ಎಂಜಿನ್ನು ವಾಪಸು ಕೊಡುವ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರಸ್ತೆಯ ಬದಿಯಲ್ಲೇ ಒಪ್ಪಂದವಾಯಿತು. ಉಪ್ಪುಂದದಿಂದ ಹೆಮ್ಮಾಡಿಯವರೆಗೂ ನಾನು ಮುಂದೆ, ಅವನು ಹಿಂದೆ. ನನ್ನ ಸದ್ದಿಗೆ ಗೇಟು ತೆರೆಯುತ್ತದೆ. ಹಪ್ಪಳ ಕೊಟ್ಟು, "ಪಾತ್ರ ಒಳ್ಗ್ ಇಡ್ಬೇಡಿ, ಬಾಬಣ್ಣ ಬತ್ತಾ ಇದ್ದ" ಎಂದು ಹೇಳಿ ನಾನು ಮುಂದಿನ ಗೇಟಿಗೆ. ಈಗ ಬೈಂದೂರಿನ ಕಡೆ ನನಗೆ ಅಂಗಡಿಯ ಹಂಗೇ ಇಲ್ಲ. ಬ್ರಹ್ಮಾವರದ ಕಡೆಗೆ ಹೋಗದೆಯೂ ಹಪ್ಪಳ ಖಾಲಿಯಾಗುತ್ತಿದೆ. ಮೊನ್ನೆ ವನಜಾಕ್ಷಮ್ಮನೇ ಫೋನ್ ಮಾಡಿ, ಬಸ್ಸಿನಲ್ಲಿ ಕಳಿಸಲು ಆಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ, ಬೇಕಾದರೆ ಗಾಡಿಯಲ್ಲೇ ಬರುತ್ತದೆ ಎಂದೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ಯೋಚಿಸಲಿ.

ಇಷ್ಟೆಲ್ಲ ಆದ ಮೇಲೆ ನಾನು ಎಲ್ಲರೆದುರು ತಲೆ ಎತ್ತಿ ತಿರುಗುತ್ತಿದ್ದೆ. ಒಳಗಿನದ್ದು ಯಾರದ್ದೇ ಇರಲಿ, ಗಾಡಿ ನನ್ನದು, ಸದ್ದೂ ನನ್ನದು ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಕಳೆದ ಮಂಗಳವಾರ ಗಾಡಿ ತೆಗೆದಿರಲಿಲ್ಲ, ಉದ್ದಿನ ಹಿಟ್ಟು ನಾದುತ್ತಾ ಹಿಂದಿನ ಚಾವಡಿಯಲ್ಲಿ ಕೂತಿದ್ದೆ. ರಸ್ತೆಯಲ್ಲಿ ಎಂಜಿನ್ನಿನ ಸದ್ದಾಯಿತು. ಗಾಡಿಯೊಳಗೆ ಕೂತಾಗ ಕೇಳುವುದೇ ಬೇರೆ, ಮನೆಯೊಳಗಿನಿಂದ ಕೇಳುವುದೇ ಬೇರೆ. ನನಗೆ ಯಾವ ಯೋಚನೆಯೂ ಬರಲಿಲ್ಲ. ಕೈ ತೊಳೆದವಳೇ ಮೀನಿನ ಪಾತ್ರೆ ಎತ್ತಿಕೊಂಡು, "ಬಾಬಣ್ಣಾ, ನಿಲ್ಲ್, ನಿಲ್ಲ್, ಬಂದೆ" ಎಂದು ಕೂಗುತ್ತಾ ಅಂಗಳ ದಾಟಿ ಗೇಟಿಗೆ ಓಡಿದೆ. ಗೇಟಿನಲ್ಲಿ ನನ್ನ ಓಮ್ನಿ ನಿಂತಿತ್ತು. ಹಳೆಯ ಲೈಸೆನ್ಸು ಇಟ್ಟುಕೊಂಡೂ ಒಂದು ದಿನವೂ ಅದರ ಸ್ಟೇರಿಂಗ್ ಮುಟ್ಟಿರದ ನಮ್ಮನೆಯವರು, ನನಗೆ ಹೇಳದೆ ಬೀಗದ ಕೈ ತೆಗೆದುಕೊಂಡು, ಅತ್ತೆಯವರನ್ನು ಬದಿಗೆ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದಿದ್ದರು. ಅವರು ನನ್ನ ಮುಖ ನೋಡಿದರು, ಪಾತ್ರೆ ನೋಡಿದರು, ದಂತವೈದ್ಯರು ಕೊಟ್ಟ ಹಲ್ಲುಗಳನ್ನೆಲ್ಲ ತೋರಿಸಿ, "ಎಂತ ಬೇಕಿತ್ತ್ ಅಮ್ಮಾ? ಬಂಗ್ಡೆಯಾ?" ಎಂದರು.

ನಾನು ಸೋಲುವವಳೇ? "ಮೀನ್ ಇಲ್ದಿರೆ ಗಾಡಿ ಇಲ್ಲಿ ಎಂತಕೆ ನಿಲ್ಸೂದು?" ಎಂದು ಅವರಿಗೇ ಬೈದು ಒಳಗೆ ಬಂದೆ.