ಒಬ್ಬರಿಗೆಂದು ಹಾಕಿದ ಮೇಜು

ಲೋಕದಲ್ಲಿ ಎಲ್ಲ ಹೆಂಡತಿಯರೂ ಸಾರ್ಜೆಂಟರೇ. ನನ್ನ ಹೆಂಡತಿಗೆ ಮಾತ್ರ ಸರ್ಕಾರವೇ ತೋಳಿಗೆ ಪಟ್ಟಿ ಹೊಲಿದುಕೊಟ್ಟು ಅದನ್ನು ಅಧಿಕೃತಗೊಳಿಸಿದೆ. ಲಿನೆಟ್ ಅಮೆರಿಕದ ನಮ್ಮ ನಾರ್ತ್ ಡಕೋಟಾ ರಾಜ್ಯದ ಗಾರ್ಡ್ ಎಂಬ ಮೀಸಲು ಪಡೆಯಲ್ಲಿ ಲಾರಿಗಳ ದಂಡನ್ನೇ ನಡೆಸಿದವಳು. ನಾನು ವೆಂಡೆಲ್, ಹುಲ್ಲು ಕತ್ತರಿಸುವ ಯಂತ್ರಗಳನ್ನು ರಿಪೇರಿ ಮಾಡುವವನು. ದಂಡಿನವಳ ಗಂಡ ದಂಡಪಿಂಡ ಎಂದು ನನ್ನ ಅತ್ತೆ ಮದುವೆಯ ದಿನವೇ ಭವಿಷ್ಯ ನುಡಿದಿದ್ದರು. (ಅವರ ನಾಲಿಗೆಯ ಮೇಲೆ ಬಂದದ್ದು ಸುಳ್ಳಾದದ್ದನ್ನು ನಾನಂತೂ ಕಂಡಿಲ್ಲ.)

ಪ್ರತಿ ವಸಂತದಲ್ಲಿ, ರಸ್ತೆಯ ಹಿಮ ಕೆಸರಾಗುವ ಹೊತ್ತಿಗೆ, ಬಿಸ್ಮಾರ್ಕ್ ಊರಿನ ಹೋಟೆಲೊಂದರಲ್ಲಿ ಗಾರ್ಡ್ ಸಂಘದ ವಾರ್ಷಿಕ ಸಮ್ಮೇಳನ. ಉಳಿದವರೆಲ್ಲ ಜೋಡಿಯಾಗಿ ಹೋಗುತ್ತಾರೆ. ನಾನು ಮಾತ್ರ ಗಸ್ ಎಂಬ ಉಬ್ಬಸದ ನಾಯಿಗೆ ಔಷಧಿ ಕುಡಿಸುತ್ತ ಮನೆಯಲ್ಲಿರುತ್ತೇನೆ. "ನನ್ನ ಮರೆತೇಬಿಟ್ಟಿದ್ದೀಯ ನೀನು" ಎಂದು ನಾನು ಪ್ರತಿವರ್ಷ ಗೊಣಗುವುದು, "ಹಾಗಾದ್ರೆ ಗಸ್‌ನ ಯಾರು ನೋಡ್ಕೋತಾರೆ?" ಎಂದು ಅವಳು ಬಾಗಿಲು ಹಾಕಿಕೊಂಡು ಹೋಗುವುದು ನಮ್ಮ ಮನೆಯ ಸಂಪ್ರದಾಯ.

ಈ ವರ್ಷ ಊಟದ ಹೊತ್ತಿನಲ್ಲಿ ಅವಳೇ ಬಾಯಿ ಬಿಟ್ಟಳು.

"ವೆಂಡೆಲ್, ಈ ಸಲ ನೀನೂ ಬಾ."

"ಯಾಕೆ, ಗಸ್ ಸತ್ತುಹೋದ್ನಾ?"

"ಥೂ, ಅಪಶಕುನ. ಅವನ್ನ ನಮ್ಮಕ್ಕ ನೋಡ್ಕೋತಾಳೆ. ಔತಣದ ದಿನ ಮಾತಾಡೋದು ಈ ಸಲ ನಾನು. ಟ್ರೂಡಿಗೋಸ್ಕರ."

ನಾನು ಫೋರ್ಕ್ ಕೆಳಗಿಟ್ಟೆ. ಟ್ರೂಡಿ ಇರಾಕಿನಲ್ಲಿ ಲಿನೆಟ್ ಜೊತೆ ಒಂದೇ ಲಾರಿ ಓಡಿಸಿದವಳು. ಲಿನೆಟ್ ಹೊಟ್ಟೆನೋವೆಂದು ಮಲಗಿದ್ದ ದಿನ ಬೇರೊಬ್ಬರ ಜೊತೆ ಹೊರಟವಳು ಹಿಂತಿರುಗಲಿಲ್ಲ. ಮಾತಾಡು ಎಂದು ಸಂಘದವರು ಪ್ರತಿ ಸಮ್ಮೇಳನಕ್ಕೂ ಕೇಳುತ್ತಿದ್ದರು, ಇವಳು ಆಗುವುದಿಲ್ಲ ಎನ್ನುತ್ತಲೇ ಬಂದಿದ್ದಳು.

"ಮಧ್ಯದಲ್ಲಿ ಗಂಟಲು ಕಟ್ಕೊಂಡ್ರೆ ನೋಡೋಕೆ ಒಂದು ಮುಖ ಬೇಕು ಕಣೋ. ನೀನೇನೂ ಮಾಡ್ಬೇಡ. ಸುಮ್ನೆ ಕೂತಿರು, ಸಾಕು."

ಸುಮ್ಮನೆ ಕೂರುವುದು! ಅದು ನನ್ನ ಜನ್ಮಜಾತ ಪ್ರತಿಭೆ. ನನ್ನಿಂದ ಅವಳಿಗೊಂದು ಉಪಕಾರವಾಗುವ ಕಾಲ ಕೊನೆಗೂ ಬಂತೆಂದು ನಾನು ಎರಡು ಸುತ್ತು ಉಬ್ಬಿದೆ.

ಅಂದಿನಿಂದ ನಮ್ಮ ಅಡಿಗೆಮನೆ ರಣತಂತ್ರದ ಶಿಬಿರವಾಯಿತು. ನಾನು ಪಾತ್ರೆ ಒರೆಸುತ್ತ ನಿಲ್ಲಬೇಕು, ಅವಳು ಹಿಂದೆ ಕೈಕಟ್ಟಿ ಶತಪಥ ಹಾಕುತ್ತ ಆಜ್ಞೆ ಹೊರಡಿಸಬೇಕು.

"ಯಾರ ಸಮವಸ್ತ್ರಕ್ಕೂ 'ಡ್ರೆಸ್ ಚೆನ್ನಾಗಿದೆ' ಅನ್ಬೇಡ."

"ಚೆನ್ನಾಗಿಲ್ಲ ಅನ್ಲಾ?"

"ಬಾಯೇ ಬಿಡ್ಬೇಡ! ಕೈ ಕುಲುಕುವಾಗ ಯಾರಾದ್ರೂ ಅಂಗೈಗೆ ಪಡೆಯ ನಾಣ್ಯ ಒತ್ತಿದ್ರೆ ಜೇಬಿಗೆ ಹಾಕ್ಕೋ. ಅದು ಗೌರವ, ಟಿಪ್ಸ್ ಅಲ್ಲ. ಚಿಲ್ಲರೆ ವಾಪಸ್ ಕೊಡೋಕೆ ಹೋಗ್ಬೇಡ."

"ಆಯ್ತಮ್ಮ."

"ಉಪ್ಪು ಮುಟ್ಟೋ ಹಾಗಿಲ್ಲ. ನಿನ್ನ ಬಿ.ಪಿ. ಸಮ್ಮೇಳನಕ್ಕೂ ಬರುತ್ತೆ."

"ಮತ್ತೆ ನಾನು ಕೂರೋದೆಲ್ಲಿ, ಮಾರಾಯ್ತಿ?"

"ಹೋಟೆಲಿಗೆ ಹೇಳಾಗಿದೆ. ನಿನ್ನ ಜಾಗ ನಿಂಗಿದೆ, ಪ್ರಶ್ನೆ ಸಾಕು."

ಸೈನ್ಯದವರು ಎಲ್ಲವನ್ನೂ ಹೇಳಿಕೊಡುತ್ತಾರೆ, ತಮಗೆ ತೀರಾ ಗೊತ್ತಿರುವುದೊಂದನ್ನು ಬಿಟ್ಟು.

ಹೊರಡುವ ಹಿಂದಿನ ದಿನ ಬಾತ್‌ರೂಮಿನ ಬಾಗಿಲ ಮುಂದೆ ಟವೆಲ್ ಹಿಡಿದು ನನ್ನ ಸರದಿಗೆ ಕಾಯುತ್ತಿದ್ದೆ. ಒಳಗೆ ನೀರು ಬೀಳುವ ಸದ್ದು, ಅದರ ನಡುವೆ ಲಿನೆಟ್ ಪಿಸುದನಿಯಲ್ಲಿ ಹೇಳಿಕೊಳ್ಳುತ್ತಿದ್ದಾಳೆ: "ಒಬ್ಬರಿಗೆಂದೇ ಹಾಕಿದ ಪುಟ್ಟ ಮೇಜು... ಬಿಳಿ ಬಟ್ಟೆ... ಒಂದು ಕೆಂಪು ಗುಲಾಬಿ... ನಿನ್ನನ್ನು ನಾವು ಮರೆತಿಲ್ಲ..."

ನೀವೇ ಹೇಳಿ. ಸೈನಿಕರಿಗೆ ಮಾಡುವ ಭಾಷಣವಾಗಿದ್ದರೆ ಗೋಡೆ ಅದುರಬೇಕಿತ್ತು. ಇಷ್ಟು ಮೆಲ್ಲಗೆ, ಇಷ್ಟು ಮೃದುವಾಗಿ ಹೇಳುವ ಮಾತು ಗಂಡನಿಗಲ್ಲದೆ ಇನ್ಯಾರಿಗೆ? ನನ್ನ ಗೊಣಗಾಟಗಳೆಲ್ಲ ಒಟ್ಟಿಗೇ ಫಲ ಕೊಟ್ಟವೆಂದು ತಿಳಿದು ಸದ್ದಿಲ್ಲದೆ ಹಿಂದೆ ಸರಿದೆ. ಅವಳ ಗುಟ್ಟನ್ನು ಕೆಡಿಸಬಾರದಲ್ಲ.

ಔತಣದ ಸಂಜೆ ಜನರೆಲ್ಲ ಹೊರಗೆ ಗ್ಲಾಸು ಹಿಡಿದು ನಗುತ್ತಿದ್ದಾಗ ನಾನು ಹಸಿವು ತಡೆಯಲಾರದೆ ಸಭಾಂಗಣದೊಳಕ್ಕೆ ನುಗ್ಗಿದೆ. ಹತ್ತಾರು ಜನ ಕೂರುವ ದೊಡ್ಡ ಮೇಜುಗಳ ನಡುವೆ, ವೇದಿಕೆಯ ಪಕ್ಕ, ಬಾವುಟಗಳ ಮರೆಯಲ್ಲಿ ಅದು ಕಂಡಿತು. ಪುಟ್ಟ ಮೇಜು, ಬಿಳಿ ಬಟ್ಟೆ, ಕೆಂಪು ಗುಲಾಬಿ, ಉರಿಯುವ ಮೇಣದಬತ್ತಿ, ಒಂದೇ ಕುರ್ಚಿ. ನನ್ನ ಕಣ್ಣು ತುಂಬಿಬಂತು. ತಟ್ಟೆಯಲ್ಲಿ ಏನಿತ್ತು ಗೊತ್ತೇ? ಒಂದು ನಿಂಬೆ ಚೂರು, ಅದರ ಪಕ್ಕ ಉಪ್ಪು! ಮನೆಯಲ್ಲಿ ಉಪ್ಪಿನ ಡಬ್ಬಿಯನ್ನು ಮದ್ದುಗುಂಡಿನ ಹಾಗೆ ಬಚ್ಚಿಡುವವಳು ಇಲ್ಲಿ ರಾಶಿ ಹಾಕಿಸಿದ್ದಾಳೆಂದರೆ ಪ್ರೀತಿಗೆ ಇನ್ನೇನು ಸಾಕ್ಷಿ ಬೇಕು?

ಕೂತೆ. ಬೋರಲಾಗಿದ್ದ ಲೋಟವನ್ನು ನೆಟ್ಟಗೆ ಮಾಡಿದೆ. ಪಕ್ಕದ ಮೇಜಿನಿಂದ ನೀರಿನ ಹೂಜಿಯನ್ನೂ ಒಂದು ಬನ್ನನ್ನೂ ಎರವಲು ತಂದೆ. ಬನ್ನಿಗೆ ಉಪ್ಪು ಬಳಿದು ಕಚ್ಚಿದೆ. ಜನ ಒಳಬರತೊಡಗಿದರು. ಎದೆತುಂಬ ಪದಕ ಹೊತ್ತ ಮುದುಕರೊಬ್ಬರು ದೂರದಿಂದ ಏಳು, ಏಳು ಎಂಬಂತೆ ಕೈಯಾಡಿಸಿದರು. ಎಂಥ ಸ್ನೇಹಪರ ಜನ ಎಂದುಕೊಂಡು ನಾನೂ ಕೈಬೀಸಿದೆ. ಅಷ್ಟರಲ್ಲಿ ದೀಪಗಳು ಆರಿದವು.

ಬೆಳಕು ಬಿದ್ದಿದ್ದ ಮೈಕಿನ ಮುಂದೆ ಲಿನೆಟ್ ನಿಂತಳು. ತಲೆಯೆತ್ತಿ ನನ್ನ ಕಡೆ ನೋಡಿದಳು. ಅವಳ ಮುಖ ಒಮ್ಮೆಲೇ ಅರಳಿತು. ಅಂಥ ಬೆಳಕನ್ನು ನಾನು ನಮ್ಮ ಮದುವೆಯ ದಿನವೂ ಅಲ್ಲಿ ಕಂಡವನಲ್ಲ. ನನ್ನನ್ನು ಕಂಡು ಇಷ್ಟು ಸಂತೋಷವೇ ಎಂದು ಬೀಗಿದೆ. ಬಾಯೆಲ್ಲ ಉಪ್ಪುಪ್ಪಾಗಿತ್ತು, ಮೇಣದಬತ್ತಿಯ ಬೆಳಕಿಗೆ ಬಾಗಿ ನಿಂಬೆ ಚೂರನ್ನು ಬಾಯಿಗಿಟ್ಟುಕೊಂಡೆ. ಅವಳ ಮುಖ ಆರಿಹೋಯಿತು.

ಆಮೇಲೆ ಓದಿದಳು. ಸಾರ್ಜೆಂಟಲ್ಲವೇ, ಒಂದಕ್ಷರ ಬಿಡಲಿಲ್ಲ.

"ಈ ಮೇಜು ಮನೆಗೆ ಹಿಂತಿರುಗದವರದು. ಈ ನಿಂಬೆ ಅವರ ಪಾಲಿಗೆ ಬಂದ ಕಹಿ."

ಕಹಿ ನನ್ನ ಬಾಯಲ್ಲಿತ್ತು.

"ಈ ಉಪ್ಪು ಅವರಿಗಾಗಿ ಕಾದವರ ಕಣ್ಣೀರು."

ಅದನ್ನು ನಾನು ಬನ್ನಿಗೆ ಬಳಿದು ತಿಂದಿದ್ದೆ.

"ಲೋಟ ಬೋರಲಾಗಿದೆ. ಟ್ರೂಡಿ ಇವತ್ತು ನಮ್ಮ ಜೊತೆ ಕುಡಿಯಲಾರಳು."

ಅರ್ಧ ಖಾಲಿಯಾದ ಲೋಟ ನನ್ನ ಕೈಯಲ್ಲೇ ಇತ್ತು.

"ಕುರ್ಚಿ," ಎಂದು ಅಲ್ಲೇ ನಿಲ್ಲಿಸಿದಳು. ಅವಳ ಗಂಟಲು ಕಟ್ಟಿಕೊಂಡಿತು. ಆಗ ನೋಡಲು ಬೇಕೆಂದಿದ್ದ ಮುಖ ನನ್ನದೇ. ಅವಳು ಮಾತ್ರ ನೆಲ ನೋಡಿದಳು. "ಕುರ್ಚಿ ಖಾಲಿ ಇದೆ."

ಸಭೆಯೆಲ್ಲ ಎದ್ದು ನಿಂತು ಆ ಖಾಲಿ ಕುರ್ಚಿಗೆ, ಎಂದರೆ ನನಗೆ, ಸೆಲ್ಯೂಟ್ ಹೊಡೆಯಿತು. ಭೂಮಿ ಬಾಯಿಬಿಡಬಾರದೇ ಎಂದು ಜನ ಸುಮ್ಮನೆ ಹೇಳುವುದಿಲ್ಲ. ದೀಪ ಬಂದ ಮೇಲೆ ಆ ಪದಕದ ಮುದುಕರು ಬಂದು ನನ್ನ ತೋಳು ಹಿಡಿದು ಎಬ್ಬಿಸಿದರು. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಅವಳು ಮಾತಿಲ್ಲದೆ ಮೊಟ್ಟೆ ಹುರಿಯುತ್ತಿದ್ದಳು. ಅವಳ ಬೈಗುಳ ನನಗೆ ಅಭ್ಯಾಸ, ಮೌನ ಅಭ್ಯಾಸವಿಲ್ಲ.

"ಬೈದುಬಿಡೇ. ಪುಣ್ಯ ಬರುತ್ತೆ."

"ಬೈಯೋಕೇನಿದೆ? ನಾನೇ ಹೇಳ್ಬೇಕಿತ್ತು ನಿಂಗೆ."

"ನಿನ್ನ ಮಾತು ಹಾಳು ಮಾಡ್ಬಿಟ್ಟೆ."

"ಮಾತಲ್ಲ ಬಿಡು." ಅವಳು ಒಲೆ ಆರಿಸಿದಳು. ನನ್ನ ಕಡೆ ತಿರುಗಲಿಲ್ಲ. "ಇಷ್ಟು ವರ್ಷದಿಂದ ಆ ಕುರ್ಚೀನ ಖಾಲೀನೇ ನೋಡಿದ್ದೀನಿ. ನಿನ್ನೆ ತಲೆ ಎತ್ತಿದ್ರೆ ಯಾರೋ ಕೂತಿದ್ರು, ಬಾವುಟದ ನೆರಳಲ್ಲಿ ಮುಖ ಕಾಣ್ಲಿಲ್ಲ. ಒಂದು ಗಳಿಗೆ... ಟ್ರೂಡಿ ಬಂದ್ಲು ಅನ್ಕೊಂಡೆ, ವೆಂಡೆಲ್."

"ಆಮೇಲೆ?" ಎಂದೆ.

"ಆಮೇಲೆ ನೀನು ನಿಂಬೆಹಣ್ಣು ಚೀಪಿದೆ."