ಆರ್ಲೋನ ಗುಟ್ಟಿನ ಪಿಸ್ತೂಲು

ಆರ್ಲೋ ಹ್ಯಾಸ್ಕಿನ್ಸನ ಕಷ್ಟಕ್ಕೆಲ್ಲ ಮೂಲ ಒಂದು ನೀಲಿ ಬಟ್ಟೆಯ ಚೀಲ. ಅಮೆರಿಕದ ಮಿಸೌರಿಯ ಒಂದು ಸಣ್ಣ ಊರಿನಲ್ಲಿ ಅಗ್ಗದ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ದಿನದ ದುಡ್ಡನ್ನೆಲ್ಲ ಆ ಚೀಲಕ್ಕೆ ತುಂಬಿ, ಸಂಜೆ ನಡೆದುಕೊಂಡು ಹೋಗಿ, ಬ್ಯಾಂಕಿನ ಗೋಡೆಯಲ್ಲಿ ದುಡ್ಡು ಕಟ್ಟಲೆಂದೇ ಮಾಡಿದ ಕಿಂಡಿಗೆ ಹಾಕಿ ಬರುವುದು ಮ್ಯಾನೇಜರ್ ಆದವನ ಜವಾಬ್ದಾರಿ. ಹಿಂದಿನ ಮ್ಯಾನೇಜರ್ ಹಾಗೆ ಹೋಗುತ್ತಿದ್ದಾಗ ಯಾರೋ ಅವನ ತೊಡೆಗೆ ಗುಂಡು ಹಾರಿಸಿ ಚೀಲ ಕಿತ್ತುಕೊಂಡು ಹೋದರು. ಅವನೀಗ ಮಗಳ ಮನೆಯಲ್ಲಿ ಕಾಲು ಚಾಚಿಕೊಂಡು ಟಿವಿ ನೋಡುತ್ತಾನೆ. ಅವನ ಕುರ್ಚಿ, ಬೀಗದ ಕೈ, ಚೀಲ ಮೂರೂ ಆರ್ಲೋನ ಪಾಲಿಗೆ ಬಂದವು. ಇದನ್ನು ಬಡ್ತಿ ಎಂದು ಕರೆದು ಕಂಪನಿಯವರು ಕೇಕ್ ಕತ್ತರಿಸಿದರು.

ಆ ಶುಕ್ರವಾರ ಸಂಜೆ ಆರ್ಲೋ ಮೊದಲ ಸಲ ಚೀಲ ಹೊರಬೇಕಿತ್ತು. ಬೆಳಿಗ್ಗೆ ಅವನು ಮೊಟ್ಟೆಯನ್ನು ತಟ್ಟೆಯಲ್ಲೇ ಅತ್ತಿಂದಿತ್ತ ತಳ್ಳುತ್ತಿದ್ದ. ಎದುರಿಗೆ ಕೂತಿದ್ದ ಹೆಂಡತಿ ಡಾರ್ಲೀನ್ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾ ಹೇಳಿದಳು:

"ನೋಡು, ವಿಧವೆ ಆಗೋಕೆ ನನಗೆ ಪುರಸೊತ್ತಿಲ್ಲ. ಒಂದು ಪಿಸ್ತೂಲು ತಗೊ, ಇಲ್ಲಾ ಕೆಲಸ ಬಿಡು."

"ಕೆಲಸ ಬಿಟ್ರೆ ಕಂಪನಿ ಕೊಡೋ ಆರೋಗ್ಯ ವಿಮೆ ಹೋಯ್ತು. ವಿಮೆ ಹೋದ್ರೆ ನಿನ್ನ ಕೈಲಿರೋದೂ ಹೋಯ್ತು."

"ಅದಕ್ಕೇ ಮೊದಲು ಪಿಸ್ತೂಲು ಅಂದಿದ್ದು," ಎಂದು ಅವಳು ಸೂಜಿಗೆ ಮುಚ್ಚಳ ಹಾಕಿದಳು.

ತೊಡಕು ಒಂದೇ ಇತ್ತು. ಕೆಲಸದ ಹೊತ್ತಿನಲ್ಲಿ ಆಯುಧ ಇಟ್ಟುಕೊಂಡವನನ್ನು ಅವತ್ತೇ ಮನೆಗೆ ಕಳಿಸುವುದು ಕಂಪನಿಯ ನಿಯಮ. ಗುಂಡು ತಿಂದು ಬಂದವನಿಗೆ ಕ್ಷಮೆ ಉಂಟು, ಗುಂಡು ಇಟ್ಟುಕೊಂಡವನಿಗೆ ಇಲ್ಲ. ಹಾಗಾಗಿ ಪಿಸ್ತೂಲು ಸಣ್ಣದಿರಬೇಕು, ಅಂಗಿಯೊಳಗೆ ಅಡಗಬೇಕು, ಒಂದು ನರಪಿಳ್ಳೆಗೂ ಸುಳಿವು ಸಿಗಬಾರದು. ಅಗ್ಗವೂ ಆಗಿರಬೇಕು, ಏಕೆಂದರೆ ಮನೆಯಲ್ಲಿದ್ದದ್ದು ಆರ್ಲೋನ ಕೊಳೆತ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಲು ಕೂಡಿಟ್ಟ ದುಡ್ಡು ಮಾತ್ರ. ಅದನ್ನೇ ಜೇಬಿಗಿಳಿಸಿ, ದವಡೆ ಸವರಿಕೊಳ್ಳುತ್ತಾ ಅವನು ಕಳ್ಳನ ಹಾಗೆ ಹೊರಗೆ ಬಂದ.

ಪಕ್ಕದ ಮನೆಯ ವರ್ನ್ ಹುಲ್ಲು ಕತ್ತರಿಸುತ್ತಿದ್ದ. ಪೊಲೀಸ್ ಇಲಾಖೆಯಿಂದ ನಿವೃತ್ತನಾದ ಮೇಲೆ ಬೀದಿಯವರ ಮನೆವಾರ್ತೆಯೇ ಅವನಿಗೆ ಇಲಾಖೆ.

"ಎಲ್ಲಿಗೋ ಇಷ್ಟು ಬೇಗ?"

"ಹಲ್ಲಿನ ಡಾಕ್ಟ್ರ ಹತ್ರ."

"ಹಲ್ಲಿನ ಡಾಕ್ಟ್ರು ಇವತ್ತು ಮೀನು ಹಿಡಿಯೋಕೆ ಹೋಗಿದಾನೆ. ನಿಜ ಹೇಳು."

ಆರ್ಲೋಗೆ ಎರಡನೇ ಸುಳ್ಳು ಹೊಳೆಯುವಷ್ಟರಲ್ಲಿ ವರ್ನ್ ಯಂತ್ರವನ್ನು ಹುಲ್ಲಿನ ನಡುವೆಯೇ ಬಿಟ್ಟು ಆರ್ಲೋನ ಟ್ರಕ್ಕಿನಲ್ಲಿ ಕೂತಾಗಿತ್ತು. ಎರಡು ತಿರುವು ದಾಟುವಷ್ಟರಲ್ಲಿ ಅವನು ನಿಜವನ್ನೆಲ್ಲ ಬಾಯಿ ಬಿಡಿಸಿದ.

ರಸ್ ಓಡಮ್‌ನ ಬಂದೂಕಿನ ಅಂಗಡಿಯಲ್ಲಿ ಕಾಫಿ ಬಿಟ್ಟಿ. ಆದ್ದರಿಂದ ಊರಿನ ಗಂಡಸರಲ್ಲಿ ಅರ್ಧ ಜನ ಬೆಳಿಗ್ಗೆ ಅಲ್ಲೇ ಇರುತ್ತಾರೆ. ಕಾಲಿಟ್ಟ ಕೂಡಲೇ ವರ್ನ್ ಸಾರಿದ: "ರಸ್, ಇವನಿಗೊಂದು ಒಳ್ಳೇದು ತೋರಿಸು. ಇವತ್ತು ಸಂಜೆ ಅಂಗಡಿ ದುಡ್ಡೆಲ್ಲ ಹೊತ್ಕೊಂಡು ಒಬ್ಬನೇ ಬ್ಯಾಂಕಿಗೆ ಹೋಗಬೇಕು ಪಾಪ. ಆದ್ರೆ ಯಾರಿಗೂ ಗೊತ್ತಾಗಬಾರದು."

ಕಾಫಿ ಕುಡಿಯುತ್ತಿದ್ದವರೆಲ್ಲ ಯಾರಿಗೂ ಹೇಳುವುದಿಲ್ಲ ಎಂಬಂತೆ ಗಂಭೀರವಾಗಿ ತಲೆಯಾಡಿಸಿದರು.

ಆಮೇಲೆ ಶುರುವಾಯಿತು ಹೆಣ್ಣು ನೋಡುವ ಶಾಸ್ತ್ರ. ವರ್ನ್ ಆರಿಸಿದ್ದು ಇಟ್ಟಿಗೆಯಷ್ಟು ಭಾರದ್ದು. ಅದನ್ನು ಸೊಂಟಕ್ಕೆ ಸಿಕ್ಕಿಸಿದರೆ ಪ್ಯಾಂಟು ನೆಲ ಕಾಣುತ್ತಿತ್ತು, ಬೆಲೆ ಕೇಳಿದರೆ ಆರ್ಲೋನೇ ನೆಲ ಕಾಣುತ್ತಿದ್ದ. ಇನ್ನೊಬ್ಬ ರಿವಾಲ್ವರ್ ಅಂದ, ಅದು ಎಂದೂ ಕೈಕೊಡುವುದಿಲ್ಲವಂತೆ. ಮತ್ತೊಬ್ಬ ಐದೇ ಗುಂಡಿನ ರಿವಾಲ್ವರ್ ಇಟ್ಟುಕೊಳ್ಳುವುದಕ್ಕಿಂತ ಪ್ರಾರ್ಥನೆ ಮಾಡುವುದು ವಾಸಿ ಅಂದ. ವಾದ ಬಿಸಿಯಾದ ಹಾಗೆ ಉದಾಹರಣೆಗಳು ಬೇಕಾದವು. ಒಬ್ಬ ಅಂಗಿ ಎತ್ತಿದ, ಒಬ್ಬ ಪ್ಯಾಂಟಿನ ಕಾಲು ಮೇಲೆಳೆದ, ಕಾಫಿಗೆ ಸಕ್ಕರೆ ಹಾಕುತ್ತಿದ್ದ ಅಜ್ಜಿ ಕೈಚೀಲದಿಂದ ಗುಲಾಬಿ ಹಿಡಿಕೆಯದ್ದೊಂದನ್ನು ತೆಗೆದು ಬಿಸ್ಕತ್ತಿನ ತಟ್ಟೆಯ ಪಕ್ಕ ಇಟ್ಟಳು. ಊರೆಲ್ಲ ವರ್ಷಗಟ್ಟಲೆ ಅಡಗಿಸಿಟ್ಟದ್ದು ಗಾಜಿನ ಕಪಾಟಿನ ಮೇಲೆ ಸಾಲಾಗಿ ಬಂದು ಕೂತಿತು.

ಏನನ್ನೂ ತೋರಿಸದವನು ಒಬ್ಬನೇ. ಹಸಿರು ಟೋಪಿ ಹಾಕಿಕೊಂಡ, ಯಾರಿಗೂ ಗುರುತಿಲ್ಲದ ಒಬ್ಬ ತೆಳ್ಳಗಿನ ಮನುಷ್ಯ ಮೂಲೆಯಲ್ಲಿ ನಿಂತು ಕಾಫಿ ಊದಿಕೊಂಡು ಕುಡಿಯುತ್ತಿದ್ದ.

"ನಿಮ್ಮ ಹತ್ರ ಇಲ್ವಾ?" ಎಂದು ಆರ್ಲೋ ಕೇಳಿದ.

"ನಮ್ಮಂಥವರಿಗೆ ಯಾಕೆ ಬಿಡಿ ಸಾರ್," ಎಂದು ಅವನು ನಕ್ಕ. "ಯಾವುದಾದ್ರೂ ತಗೊಳ್ಳಿ. ಇದೆ ಅಂತ ಯಾರಿಗೂ ತಿಳೀಬಾರದು, ಅಷ್ಟೆ."

ಬೆಳಗಿನಿಂದ ಬಂದ ಬುದ್ಧಿಮಾತಿನಲ್ಲಿ ಇದೊಂದೇ ಬಿಟ್ಟಿಯಾಗಿಯೂ ಸರಿಯಾಗಿಯೂ ಇತ್ತು. ಆರ್ಲೋಗೆ ಆ ಮನುಷ್ಯನ ಮೇಲೆ ಪ್ರೀತಿಯೇ ಬಂತು.

ಕೊನೆಗೆ ರಸ್ ಕೆಳಗಿನ ಖಾನೆಯಿಂದ ಅಂಗೈಯಗಲದ ಹಳೆಯ ಕರಿ ಪಿಸ್ತೂಲೊಂದನ್ನು ತೆಗೆದ. ಹಿಡಿಕೆಯ ಮೇಲೆ ಗೀರು ಬಿದ್ದಿತ್ತು.

"ನಿನ್ನ ದುಡ್ಡಿಗೆ ಇದು ಬರತ್ತೆ. ಒಬ್ಬನ ಕೈಲಿ ಇದ್ದದ್ದು. ಒಂದೇ ಒಂದು ಸಲ ಹಾರಿಸಿರೋದು."

"ಅಷ್ಟು ಬೇಗ ಯಾಕೆ ಮಾರಿದ?"

"ಅವನು ಮಾರಲಿಲ್ಲ. ಅವನ ಹೆಂಡತಿ ತಂದು ಮಾರಿದ್ದು."

ಎಲ್ಲರೂ ತಮ್ಮ ತಮ್ಮ ಕಾಫಿ ಲೋಟ ನೋಡಿಕೊಂಡರು. ಆರ್ಲೋ ಜೇಬಿನಿಂದ ದುಡ್ಡು ತೆಗೆದು ಎಣಿಸಿದ. ಬೆಲೆ ಅವನ ಹಲ್ಲಿಗೆ ಸರಿಯಾಗಿ ಹೊಂದುತ್ತಿತ್ತು. ರಸ್ ಸರ್ಕಾರಕ್ಕೆ ಫೋನ್ ಮಾಡಿದ, ಆರ್ಲೋ ಯಾವ ಅಪರಾಧವನ್ನೂ ಮಾಡದಷ್ಟು ಸಪ್ಪೆ ಮನುಷ್ಯ ಎಂದು ಸರ್ಕಾರ ಖಾತ್ರಿ ಕೊಟ್ಟಿತು, ವ್ಯವಹಾರ ಮುಗಿಯಿತು.

ದಾರಿಯಲ್ಲಿ ವರ್ನ್ ಪಿಸ್ತೂಲನ್ನು ತಿರುಗಿಸಿ ನೋಡಿದ. "ಇದಕ್ಕೆ ಸೇಫ್ಟಿ ಬೀಗ ಇಲ್ಲವಲ್ಲೋ, ಕುದುರೆ ತಗುಲಿದ್ರೆ ಸಾಕು, ಹಾರತ್ತೆ. ಹೊಟ್ಟೆ ಮುಂದೆ ಇಟ್ಕೋತೀಯಾ? ನಮ್ಮ ಇಲಾಖೇಲಿ ಒಬ್ಬನಿದ್ದ. ಶೂ ಲೇಸ್ ಕಟ್ಟೋಕೆ ಬಗ್ಗಿದ..." ಮಾತು ಅಲ್ಲಿಗೇ ನಿಲ್ಲಿಸಿ ಆರ್ಲೋನ ಮಡಿಲ ಕಡೆ ಕನಿಕರದಿಂದ ನೋಡಿದ.

ವರ್ನ್ ಇಳಿದದ್ದೇ ತಡ, ಆರ್ಲೋ ಗುಂಡುಗಳನ್ನೆಲ್ಲ ತೆಗೆದು ಅಂಗಿಯ ಜೇಬಿಗೆ, ಎದೆಯುರಿ ಮಾತ್ರೆಗಳ ಜೊತೆ ಹಾಕಿಕೊಂಡ. ಅಪಾಯ ಬಂದಾಗ ತುಂಬಿಕೊಂಡರಾಯಿತು.

ಅಂಗಡಿಯಲ್ಲಿ ಗಲ್ಲಾದ ಮುಂದೆ ಕೂತಿದ್ದ ಟ್ರೂಡಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬಲಗಡೆನಾ, ಎಡಗಡೆನಾ?"

"ಏನು?"

"ವರ್ನ್ ಹೆಂಡತಿ ಫೋನ್ ಮಾಡಿದ್ಲು. ಹೆದರಬೇಡಿ, ನಾನು ಯಾರಿಗೂ ಬಾಯಿ ಬಿಡಲ್ಲ," ಎಂದ ಟ್ರೂಡಿ, ಸೋಪು ಕೊಳ್ಳಲು ನಿಂತಿದ್ದ ಹೆಂಗಸಿನ ಕಡೆ ತಿರುಗಿ, "ನಮ್ಮ ಮ್ಯಾನೇಜರ್ ಪಿಸ್ತೂಲಿನ ವಿಷಯ ನೀವೂ ಯಾರಿಗೂ ಹೇಳಬೇಡಿ," ಎಂದಳು. ಮಧ್ಯಾಹ್ನದ ಹೊತ್ತಿಗೆ ಗಿರಾಕಿಗಳು ಅವನನ್ನು ಕಂಡರೆ ಕಣ್ಣು ಹೊಡೆಯತೊಡಗಿದ್ದರು. ಮುದುಕನೊಬ್ಬ ಸೀದಾ ಬಂದು ಸೊಂಟ ಮುಟ್ಟಿ ನೋಡಿ, "ಸಣ್ಣದಾಯ್ತು," ಎಂದು ಹೋದ.

ಪಿಸ್ತೂಲಿನ ಮೂತಿ ತೊಡೆಸಂದಿಗೆ ಒತ್ತಿ ಒತ್ತಿ ಆರ್ಲೋ ಬಾತುಕೋಳಿಯ ಹಾಗೆ ನಡೆಯುತ್ತಿದ್ದ. ಭಯ, ಹಲ್ಲುನೋವು, ಬಿಟ್ಟಿ ಕಾಫಿ ಎಲ್ಲ ಸೇರಿ ಹೊಟ್ಟೆಯಲ್ಲಿ ಗುಡುಗು ಎದ್ದಿತು. ಊಟಕ್ಕೆ ಎದುರುಗಡೆಯ ಹೋಟೆಲಿಗೆ ಹೋದವನು ಮೊದಲು ಪಾಯಿಖಾನೆಗೆ ಓಡಿದ. ಪ್ಯಾಂಟು ಇಳಿಸಬೇಕಾದರೆ ಸೊಂಟದಲ್ಲಿರುವುದನ್ನು ಎಲ್ಲಾದರೂ ಇಡಬೇಕು. ಒರೆಸಿಕೊಳ್ಳುವ ಕಾಗದದ ಸುರುಳಿಯ ಡಬ್ಬಿಯ ಮೇಲೆ ಇಟ್ಟ. ಹೊರಗೆ ಬರುವಾಗ ಹಸಿರು ಟೋಪಿಯವನು ಬಾಗಿಲು ಹಿಡಿದುಕೊಂಡು ನಿಂತಿದ್ದ.

"ಹುಷಾರು ಸಾರ್, ನೆಲ ಒದ್ದೆ ಇದೆ."

ಆರ್ಲೋ ಥ್ಯಾಂಕ್ಸ್ ಹೇಳಿದ. ದಿನವಿಡೀ ಇಲ್ಲದ ಹಗುರ ಅವನ ನಡಿಗೆಗೆ ಬಂದಿತ್ತು. ಎಷ್ಟು ಹಗುರ ಎನ್ನುವುದು ಅರ್ಧ ಬರ್ಗರ್ ತಿಂದ ಮೇಲೆ ತಿಳಿಯಿತು.

ಓಡಿಹೋಗಿ ನೋಡಿದರೆ ಡಬ್ಬಿಯ ಮೇಲೆ ಏನೂ ಇರಲಿಲ್ಲ. ಹೋಟೆಲಿನ ಹೆಂಗಸನ್ನು ಕರೆದು, "ಒಳಗೆ ಒಂದು ಕಪ್ಪಗಿರೋ ವಸ್ತು..." ಎಂದು ತಡವರಿಸಿದ.

"ಪಿಸ್ತೂಲಾ? ಎಲ್ಲರೂ ಅಲ್ಲೇ ಬಿಟ್ಟು ಬರ್ತೀರಿ. ಹೋದ ವಾರ ಪಾದ್ರಿಗಳು ಬಿಟ್ಟಿದ್ದು ಸಿಕ್ತು. ನಿಮ್ದು ಸಿಕ್ಕಿಲ್ಲಪ್ಪ. ಪೊಲೀಸ್ರಿಗೆ ಹೇಳಿ."

ಪೊಲೀಸರಿಗೆ ಹೇಳಿದರೆ ಕಂಪನಿಗೆ ತಿಳಿಯುತ್ತದೆ. ಕಂಪನಿಗೆ ತಿಳಿದರೆ ವಿಮೆ ಹೋಗುತ್ತದೆ. ಆರ್ಲೋ ಬಾಯಿ ಮುಚ್ಚಿಕೊಂಡು ಅಂಗಡಿಗೆ ಬಂದ. ಟ್ರೂಡಿಯ ಕಣ್ಣು ಅವನ ಸೊಂಟದ ಮೇಲೇ ಇತ್ತು. ಗೋದಾಮಿನೊಳಗೆ ಹೋಗಿ, ಸಾಮಾನಿನ ಮೇಲೆ ಬೆಲೆಚೀಟಿ ಅಂಟಿಸುವ ಯಂತ್ರವನ್ನು ಪ್ಯಾಂಟಿಗೆ ಸಿಕ್ಕಿಸಿಕೊಂಡು ಬಂದ. ಅಂಗಿ ಮೊದಲಿನ ಹಾಗೆ ಉಬ್ಬಿತು.

ಸಂಜೆ ಟ್ರೂಡಿ ಚೀಲ ಕೊಡುತ್ತಾ, "ನಿಮ್ಮನ್ನ ನೋಡಿದ್ರೆ ಧೈರ್ಯ ಬರತ್ತೆ," ಎಂದಳು.

ಬ್ಯಾಂಕಿನ ಹಿಂಗೋಡೆಯ ಹತ್ತಿರ ಬಿಸಿಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಕಿಂಡಿಯ ಪಕ್ಕ ಹಸಿರು ಟೋಪಿ ಕಂಡಾಗ ಆರ್ಲೋಗೆ ಮೊದಲು ಸಮಾಧಾನವೇ ಆಯಿತು. ಆಮೇಲೆ ಅವನ ಕೈಯಲ್ಲಿದ್ದ ಗೀರು ಬಿದ್ದ ಹಿಡಿಕೆ ಕಂಡಿತು.

"ಚೀಲ ಕೊಡಿ ಸಾರ್."

ಐವತ್ತೆಂಟು ವರ್ಷದ ಬದುಕಿನಲ್ಲಿ ಆರ್ಲೋಗೆ ಎದುರಾಳಿಗಿಂತ ಹೆಚ್ಚು ವಿಷಯ ಗೊತ್ತಿದ್ದದ್ದು ಅದೊಂದೇ ಕ್ಷಣ. ಅವನಿಗೆ ನಗು ಬಂತು.

"ಅದು ನನ್ನದು ಕಣಯ್ಯಾ. ಒಳಗೆ ಏನೂ ಇಲ್ಲ, ಬರೀ ಡಬ್ಬ. ಗುಂಡೆಲ್ಲ ನನ್ನ ಜೇಬಲ್ಲಿದೆ."

"ಹೌದಾ," ಎಂದು ಆ ಮನುಷ್ಯ ಪಿಸ್ತೂಲನ್ನು ಕೆಳಗಿಳಿಸಿದ. ಇನ್ನೊಂದು ಕೈಯಿಂದ ತನ್ನ ಅಂಗಿಯನ್ನು ಸ್ವಲ್ಪವೇ ಸ್ವಲ್ಪ ಎತ್ತಿದ. ವರ್ನ್ ಬೆಳಿಗ್ಗೆ ಆರಿಸಿದ್ದಂಥದ್ದೇ, ಇಟ್ಟಿಗೆಯಷ್ಟು ದೊಡ್ಡದು, ಅಲ್ಲಿ ತಣ್ಣಗೆ ಕೂತಿತ್ತು. ದಿನವೆಲ್ಲ ಅದು ಅಲ್ಲೇ ಇದ್ದಿರಬೇಕು. "ಹಾಗಾದ್ರೆ ಗುಂಡನ್ನೂ ಕೊಟ್ಟುಬಿಡಿ ಸಾರ್. ತುಂಬಾ ದುಬಾರಿ ಈಗ."

ಆರ್ಲೋ ಚೀಲ ಕೊಟ್ಟ. ಗುಂಡುಗಳನ್ನು ಕೊಟ್ಟ. ನಡುವೆ ಸೇರಿಕೊಂಡಿದ್ದ ಎದೆಯುರಿ ಮಾತ್ರೆಗಳನ್ನು ಆ ಮನುಷ್ಯ ಆರಿಸಿ ವಾಪಸ್ ಕೊಟ್ಟ. ಆಮೇಲೆ ಆರ್ಲೋನ ಸೊಂಟದಿಂದ ಬೆಲೆಚೀಟಿಯ ಯಂತ್ರ ಎಳೆದು, ಇದೇನೆಂದು ಕುತೂಹಲದಿಂದ ಅವನ ಎದೆಗೇ ಒತ್ತಿ ನೋಡಿದ. ಒಂದೂಕಾಲು ಡಾಲರ್ ಎಂಬ ಚೀಟಿ ಅಂಟಿಕೊಂಡಿತು.

ಏಳು ಗಂಟೆಗೆ ಪೊಲೀಸರು ಮನೆಗೆ ಬಂದರು. ಹೆದ್ದಾರಿಯ ಪೆಟ್ರೋಲ್ ಬಂಕಿನ ಹುಡುಗಿಯ ಹೊಟ್ಟೆಗೆ ಗುಂಡು ಬಿದ್ದಿತ್ತು, ಪಕ್ಕದಲ್ಲಿ ಬಿಸಾಡಿದ್ದ ಪಿಸ್ತೂಲು ಬೆಳಿಗ್ಗೆ ಆರ್ಲೋ ಹ್ಯಾಸ್ಕಿನ್ಸ್ ಕೊಂಡದ್ದೆಂದು ರಸ್ ಹೇಳಿದ್ದ. ಹುಡುಗಿ ಬದುಕಬಹುದಂತೆ, ಖಾತ್ರಿ ಇಲ್ಲವಂತೆ. ಅವರು ಹೋದ ಮೇಲೆ ಕಂಪನಿಯ ಫೋನ್ ಬಂತು. ಚೀಲ ಹೋದದ್ದಕ್ಕೆ ಸಹಾನುಭೂತಿ ಸೂಚಿಸಿದರು, ಪಿಸ್ತೂಲು ಇಟ್ಟುಕೊಂಡದ್ದಕ್ಕೆ ಕೆಲಸದಿಂದ ತೆಗೆದರು. ವಿಮೆ ತಿಂಗಳ ಕೊನೆಯವರೆಗೆ ಇರುತ್ತದೆ ಎಂದರು.

ಆರ್ಲೋ ಜಗಲಿಯ ಮೆಟ್ಟಿಲ ಮೇಲೆ ಕೂತ. ಆ ಹುಡುಗಿ ಪೆಟ್ರೋಲ್ ಹಾಕಿಸಿದಾಗಲೆಲ್ಲ ಅವನ ಹಲ್ಲುನೋವು ವಿಚಾರಿಸುತ್ತಿದ್ದಳು. ಅವನಿಗೆ ಅಳಬೇಕೆನಿಸಿತು, ಅಳು ಬರಲಿಲ್ಲ. ಡಾರ್ಲೀನ್ ಅವನ ಎದೆಯ ಮೇಲಿನ ಬೆಲೆಚೀಟಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ತೆಗೆಯುತ್ತಿದ್ದಳು.

ವರ್ನ್ ಬೇಲಿ ದಾಟಿ ಬಂದ. ದನಿ ಯಾವತ್ತಿಗಿಂತ ತಗ್ಗಿತ್ತು.

"ಇನ್ನೂ ಸಿಕ್ಕಿಲ್ಲ ಅವನು. ದೊಡ್ಡದು ಇನ್ನೂ ಅವನ ಹತ್ರಾನೇ ಇದೆ. ಚೀಲ ಕಿತ್ಕೊಂಡಿದ್ದು ಅವನೇ ಅಂತ ಸಾಕ್ಷಿ ಹೇಳೋನು ನೀನೊಬ್ಬನೇ. ನಿನಗೆ ಈಗಂತೂ ಒಂದು ಬೇಕೇ ಬೇಕು ಆರ್ಲೋ. ಏಳು, ರಸ್ ಒಂಬತ್ತರವರೆಗೆ ಬಾಗಿಲು ಹಾಕಲ್ಲ."

ಆರ್ಲೋ ಹೆಂಡತಿಯ ಮುಖ ನೋಡಿದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಡಾರ್ಲೀನ್ ಎದ್ದು ಒಳಗೆ ಹೋದಳು. ಫ್ರಿಜ್ಜಿನ ಬಾಗಿಲು ತೆಗೆದು ಹಾಕಿದ ಸದ್ದಾಯಿತು. ಮುಂದಿನ ತಿಂಗಳ ಇನ್ಸುಲಿನ್ನಿಗೆಂದು ಅವಳು ಮದ್ದಿನ ಶೀಶೆಗಳ ಹಿಂದೆ ಎತ್ತಿಟ್ಟಿದ್ದ ದುಡ್ಡು, ತಣ್ಣಗೆ, ಅವನ ಅಂಗೈಗೆ ಬಂತು.

"ಈ ಸಲ ಯಾರಿಗೂ ಹೇಳಬೇಡ," ಎಂದಳು.

ವರ್ನ್ ಆಗಲೇ ಟ್ರಕ್ಕಿನಲ್ಲಿ ಕೂತು ಹಾರ್ನ್ ಒತ್ತುತ್ತಿದ್ದ.